ಬುಲ್‌ರಿಂಗ್ ಬಾಗಿಲಲ್ಲಿ ಬಸವ

ಬರ್ಮಿಂಗ್‌ಹ್ಯಾಮ್
14 ಸೆಪ್ಟೆಂಬರ್ 2003

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಅಪ್ಪನ ಮಂಡಿನೋವು ಈಗ ಹೇಗಿದೆ? ನೀನು ಕಳಿಸಿದ ಸಾರಿನ ಪುಡಿ ಇನ್ನೂ ಅರ್ಧ ಡಬ್ಬಿ ಇದೆ.

ಊರ ನಡುವೆ ಬರೀ ಕ್ರೇನು, ಧೂಳು ಅಂತ ಬರೆದಿದ್ದೆ, ನೆನಪಿದೆಯಾ? ಆ ಬುಲ್‌ರಿಂಗ್ ಶಾಪಿಂಗ್ ಸೆಂಟರ್ ಈ ತಿಂಗಳ 4ನೇ ತಾರೀಕು ಕೊನೆಗೂ ತೆರೆಯಿತು. ಮೊದಲ ದಿನ ನೂಕುನುಗ್ಗಲು ಅಂತ ನಾನು ಹೋಗಲಿಲ್ಲ. ನಿನ್ನೆ ಹೋಗಿದ್ದೆ.

ಬಾಗಿಲಲ್ಲೇ ಯಾರು ಹೇಳು? ಬಸವ! ಕಂಚಿನದು, ಆಳಿಗಿಂತ ಎತ್ತರ. ನಮ್ಮ ದೊಡ್ಡ ಬಸವಣ್ಣನ ಹಾಗೆ ಕಾಲು ಮಡಚಿ ಕೂತಿಲ್ಲ, ಗಕ್ಕನೆ ತಿರುಗಿ ಹಾಯಲು ಬಂದಂತಿದೆ. ಹಿಂದೆ ಇಲ್ಲಿ ಗೂಳಿಯನ್ನು ಕಬ್ಬಿಣದ ಬಳೆಗೆ ಕಟ್ಟಿ ನಾಯಿ ಛೂ ಬಿಡುತ್ತಿದ್ದರಂತೆ, ಬುಲ್‌ರಿಂಗ್ ಅನ್ನೋ ಹೆಸರು ಅದರಿಂದಲೇ ಬಂದದ್ದಂತೆ. ಪಾಪ ಅನ್ನಿಸಿತು. ಯಾರೂ ನೋಡದ ಹಾಗೆ ಮೂತಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ನಗಬೇಡ.

1964ರಲ್ಲಿ ಕಟ್ಟಿದ ಹಳೆಯ ಶಾಪಿಂಗ್ ಸೆಂಟರನ್ನು ಕೆಡವಿ ಇದನ್ನು ಕಟ್ಟಿದ್ದಾರೆ. ನಮ್ಮ ಮನೆಯೊಡತಿ ಅಜ್ಜಿಗೆ ಆ ಹಳೆಯದು ಕಂಡರೆ ಆಗುತ್ತಿರಲಿಲ್ಲ. ಆಗ ಕಾರು ಮೇಲೆ, ಜನ ಕೆಳಗೆ ಸುರಂಗದಲ್ಲಿ. ಕತ್ತಲಾದ ಮೇಲೆ ಒಬ್ಬಳೇ ಹೋಗಲು ಭಯವಂತೆ. ಈಗ ಉಲ್ಟಾ. ರಸ್ತೆ ಕೆಳಗೆ ಹೋಗಿದೆ, ನಾವು ಮೇಲೆ ಆರಾಮಾಗಿ ನಡೆದು ಸೇಂಟ್ ಮಾರ್ಟಿನ್ ಚರ್ಚಿನ ತನಕ ಇಳಿಯಬಹುದು. ಅಂಗಡಿಗಳ ನಡುವೆ ಆ ಹಳೇ ಗೋಪುರ ಪೂರ್ತಿ ಕಾಣುತ್ತದೆ. ನನಗೆ ತುಂಬಾ ಇಷ್ಟವಾದದ್ದು ಅದೇ.

ಪಕ್ಕದಲ್ಲಿ ಸೆಲ್ಫ್‌ರಿಜಸ್ ಅಂಗಡಿ. ಕಟ್ಟಡದಲ್ಲಿ ಒಂದು ಮೂಲೆಯೂ ಇಲ್ಲ, ಉಬ್ಬಿದ ಪೂರಿಯ ಹಾಗಿದೆ. ನೀಲಿ ಗೋಡೆಯ ತುಂಬ ಹರಿವಾಣದಂಥ ಅಲ್ಯುಮಿನಿಯಂ ಬಿಲ್ಲೆ, 15,000 ಅಂತೆ! ಮೋಡ ಸರಿದು ಬಿಸಿಲು ಬಿದ್ದಾಗ ಇಡೀ ಗೋಡೆ ಮೀನಿನ ಮೈಯಂತೆ ಮಿಂಚಿತು. ಅದನ್ನೆಲ್ಲ ತೊಳೆಯುವವರು ಯಾರೋ!

ಒಳಗೆ ಮಾತ್ರ ನನ್ನ ಸಂಬಳಕ್ಕೆ ಎಟುಕುವಂಥದ್ದು ಏನೂ ಇರಲಿಲ್ಲ. ಸುಮ್ನೆ ಒಂದು ಸುತ್ತು ಹಾಕಿ, ಚರ್ಚಿನ ಆಚೆ ಸಂತೆಗೆ ಇಳಿದೆ. ಅದು ಹಾಗೇ ಇದೆ, ಥೇಟ್ ಕೆ.ಆರ್. ಮಾರ್ಕೆಟ್ ಗದ್ದಲ. ಒಂದು ಬೋಗುಣಿ ಟೊಮೆಟೊ ಒಂದು ಪೌಂಡ್ ಅಂತ ಕೂಗುತ್ತಿದ್ದರು. ತಗೊಂಡೆ, ಜೊತೆಗೆ ಒಂದು ಕಟ್ಟು ಕೊತ್ತಂಬರಿ. ತಳದಲ್ಲಿ ಎರಡು ಕೊಳೆತಿದ್ದವು. ನೀನಿದ್ದಿದ್ದರೆ ಅವನನ್ನು ಬಿಡುತ್ತಿರಲಿಲ್ಲ, ಅಲ್ವಾ?

ಬಸವನ ಫೋಟೋ ತೆಗೆದಿದ್ದೇನೆ. ರೀಲು ಮುಗಿದ ಮೇಲೆ ತೊಳೆಸಿ ಕಳಿಸುತ್ತೇನೆ. ಗೊಂಬೆ ಹಬ್ಬಕ್ಕೆ ತಲುಪಿದರೆ ಮೆಟ್ಟಿಲ ಮೇಲೆ ಎಲ್ಲಾದರೂ ಇಡು.

ಇಂತಿ,
ನಿನ್ನ ಮಗಳು