ಹೆದರಬೇಕಾದದ್ದು ಮೀನಿಗಲ್ಲ, ಕರಿದ ಎಣ್ಣೆಗೆ

ಮಾನ್ಯರೇ,

ಕೊಬ್ಬು ತಿಂದರೆ ಬೊಜ್ಜು ಎಂದು ಹೆದರಿ ನಮ್ಮ ಕರಾವಳಿಯ ಕೆಲವು ಮನೆಗಳಲ್ಲಿ ಈಗ ಬಂಗಡೆ, ತಾರ್ಲೆಗೂ ಕಡಿವಾಣ ಬೀಳುತ್ತಿದೆ. ಈ ಮೀನುಗಳಲ್ಲಿರುವ ಒಮೆಗಾ–3 ಕೊಬ್ಬು ರಕ್ತದಲ್ಲಿರುವ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ತಗ್ಗಿಸಲು ನೆರವಾಗುವಂಥದ್ದು. ಸಾರು ಮಾಡಿ ಧಾರಾಳವಾಗಿ ಉಣ್ಣಲಿ.

ಚಿಂತೆ ಇರುವುದು ಬಾಣಲೆಯ ಬಗ್ಗೆ. ಸಂಜೆ ಕಾರವಾರದ ಪೇಟೆಯಲ್ಲಿ ಕೆಲವು ತಳ್ಳುಗಾಡಿಗಳ ಎಣ್ಣೆ ನೋಡಿ: ಕಷಾಯದಂತೆ ಕಪ್ಪು, ಅಂಚಿಗೆಲ್ಲ ಹಳದಿ ನೊರೆ, ಕಣ್ಣುರಿಸುವ ಹೊಗೆ. ಎಣ್ಣೆ ಕಡಿಮೆಯಾದಂತೆ ಮೇಲಿಂದ ಹೊಸ ಎಣ್ಣೆ ಸುರಿಯುತ್ತಾರೆ, ಹಳೆಯದನ್ನು ಚೆಲ್ಲುವುದಿಲ್ಲ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು, ಅಂದರೆ ಎಣ್ಣೆ ಕೆಟ್ಟಾಗ ಹುಟ್ಟುವ ವಸ್ತುಗಳು, ಹೆಚ್ಚುತ್ತವೆ. ಅವು ಶೇ 25 ದಾಟಿದ ಎಣ್ಣೆಯನ್ನು ಬಳಸಬಾರದು ಎಂಬ ನಿಯಮ 2018ರ ಜುಲೈನಿಂದಲೇ ಇದೆ. ವನಸ್ಪತಿ, ಖಾದ್ಯತೈಲಗಳಲ್ಲಿ ಟ್ರಾನ್ಸ್ ಕೊಬ್ಬು ಶೇ 2 ಮೀರಬಾರದೆಂಬ ಮಿತಿ 2022ರಿಂದ ಜಾರಿಯಲ್ಲಿದೆ. ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟ್ರಾಲ್ ಏರಿಸಿ ಒಳ್ಳೆಯದನ್ನು ಇಳಿಸುತ್ತದೆ. ನಿಯಮವೇನೋ ಇದೆ, ತಳ್ಳುಗಾಡಿಯ ಬಾಣಲೆಯನ್ನು ಅಳೆಯುವವರು ಯಾರು?

ತೆಂಗಿನೆಣ್ಣೆಯ ಅಭಿಮಾನಿಗಳಿಗೂ ಒಂದು ಮಾತು. ನಾನೂ ಅದನ್ನೇ ಬಳಸುವವಳು. ಆದರೆ ಅದರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬೇ ಹೆಚ್ಚು, ಮತ್ತು ಯಾವ ಎಣ್ಣೆಯಾದರೂ ಒಂದು ಗ್ರಾಂಗೆ 9 ಕ್ಯಾಲರಿ.

ಆಹಾರ ಸುರಕ್ಷತಾ ಅಧಿಕಾರಿಗಳು ಎಣ್ಣೆ ಪರೀಕ್ಷಿಸುವ ಕೈಮೀಟರ್ ಹಿಡಿದು ಸಂಜೆ ಹೊತ್ತು ಬೀದಿಗಿಳಿಯಲಿ. ಬಳಸಿದ ಎಣ್ಣೆಯಿಂದ ಬಯೋಡೀಸೆಲ್ ತಯಾರಿಸಬಹುದು. ಆ ಹಳೆಯ ಎಣ್ಣೆಯನ್ನು ದರ ಕೊಟ್ಟು ಕೊಳ್ಳುವ ವ್ಯವಸ್ಥೆಯನ್ನು ನಗರಸಭೆ ಮಾಡಿಸಿದರೆ ಬಡ ವ್ಯಾಪಾರಿಗೂ ನಷ್ಟವಾಗದು.

– ಓರ್ವ ಗೃಹಿಣಿ, ಕಾರವಾರ