‘ಚಿತ್ರಕೃಪೆ: ಅಂತರ್ಜಾಲ’ ಎಂದು ಬರೆಯುವ ಮುನ್ನ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಗಳಲ್ಲಿ ಕಥೆ, ಕವಿತೆಗಳ ಪಕ್ಕದಲ್ಲಿ ಕಣ್ಣು ಕಟ್ಟುವಂಥ ಚಿತ್ರಗಳು ಅಚ್ಚಾಗುತ್ತವೆ. ತಲೆಯ ಜಾಗದಲ್ಲಿ ಪಂಜರ ಹೊತ್ತ ಮನುಷ್ಯ, ಆಕಾಶಕ್ಕೆ ಬೇರು ಬಿಟ್ಟ ಮರ, ಆರಂತಸ್ತಿನ ಗೋಡೆಯ ತುಂಬ ಮಲಗಿದ ಹಕ್ಕಿ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಚಿತ್ರಕೃಪೆ: ಅಂತರ್ಜಾಲ’ ಎಂದಿರುತ್ತದೆ. ಯಾರದೋ ಕವಿತೆಯನ್ನು ‘ಕೃಪೆ: ಪುಸ್ತಕ’ ಎಂದು ಹಾಕಲು ಯಾವ ಸಂಪಾದಕರೂ ಒಪ್ಪುವುದಿಲ್ಲ. ಚಿತ್ರ ಬರೆದವರಿಗೂ ಅದೇ ನ್ಯಾಯ ಸಲ್ಲಬೇಕು. ಹೆಸರು ಪತ್ತೆ ಮಾಡುವುದು ಕಷ್ಟ ಎಂಬ ಮಾತಿದೆ. ಹೆಚ್ಚಿನ ಚಿತ್ರಗಳಿಗೆ ಅದು ಕಾಲು ಗಂಟೆಯ ಕೆಲಸ. ಇಂದಿನ ಚಿತ್ರಗಾರರನ್ನು ಓದುಗರು ತಾವೇ ಹುಡುಕಿಕೊಳ್ಳುವ ದಾರಿಯೂ ಅದೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ಚಿತ್ರವನ್ನು ಶುಚಿ ಮಾಡಿಕೊಳ್ಳಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರಕ್ಕೆ ಸುತ್ತ ಕಪ್ಪು ಅಂಚು, ಮೇಲೊಂದು ಸುಭಾಷಿತ, ಮೂಲೆಯಲ್ಲಿ ಯಾವುದೋ ಪುಟದ ಮುದ್ರೆ ಅಂಟಿಕೊಂಡಿರುತ್ತವೆ. ಅವನ್ನೆಲ್ಲ ಕತ್ತರಿಸಿ ಬರೀ ಚಿತ್ರ ಉಳಿಸಿಕೊಂಡೇ ಹುಡುಕಬೇಕು. ಕಾರಣವಿದೆ. ಚಿತ್ರ ಕೊಟ್ಟರೆ ಅದರ ಪ್ರತಿಗಳನ್ನು ಹುಡುಕಿ ಕೊಡುವ ತಂತ್ರಾಂಶಗಳು ಚಿತ್ರದ ಒಂದು ಬಗೆಯ ಬೆರಳಚ್ಚು ತೆಗೆದಿಟ್ಟುಕೊಳ್ಳುತ್ತವೆ. ಅದರಲ್ಲಿ ತೀರಾ ಸರಳವಾದ ವಿಧಾನ ಹೀಗಿದೆ: ಬಣ್ಣ ತೆಗೆದು, ಚಿತ್ರವನ್ನು ಅಡ್ಡಕ್ಕೆ 9, ಉದ್ದಕ್ಕೆ 8 ಚೌಕಗಳಷ್ಟು ಕುಗ್ಗಿಸಿ, ಪ್ರತಿ ಚೌಕವೂ ಪಕ್ಕದ್ದಕ್ಕಿಂತ ಬೆಳಕಾಗಿದೆಯೇ ಕತ್ತಲಾಗಿದೆಯೇ ಎಂದು ನೋಡಿ 64 ‘ಹೌದು–ಅಲ್ಲ’ಗಳ ಒಂದು ಸಾಲು ಮಾಡುವುದು. ಚಿತ್ರ ಚಿಕ್ಕದಾದರೂ, ಬಣ್ಣ ಸ್ವಲ್ಪ ಮಾಸಿದರೂ ಈ ಸಾಲು ಹೆಚ್ಚು ಬದಲಾಗದು. ಆದರೆ ಅಂಚು ಸೇರಿಸಿದರೆ ಚೌಕಗಳೆಲ್ಲ ಜಾಗ ಬಿಟ್ಟು ಜರುಗುತ್ತವೆ. ಎಡವನ್ನು ಬಲ ಮಾಡಿದರೆ ಸಾಲು ಪೂರ್ತಿ ಬೇರೆಯೇ ಆಗುತ್ತದೆ. ಚಿತ್ರ ಕದ್ದು ಹಾಕುವ ಕೆಲವು ಪುಟಗಳು ಇದು ಗೊತ್ತಿದ್ದೇ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಹಾಕುತ್ತವೆ. ಚಿತ್ರದೊಳಗಿನ ಅಂಗಡಿ ಫಲಕ, ಗಡಿಯಾರ, ಪುಸ್ತಕದ ಬೆನ್ನು ಗಮನಿಸಿ. ಅಕ್ಷರ ತಿರುವುಮುರುವಾಗಿದ್ದರೆ ಚಿತ್ರವನ್ನು ಮತ್ತೆ ತಿರುಗಿಸಿಕೊಂಡು ಹುಡುಕಿ.

ಒಂದೇ ಕಡೆ ಹುಡುಕಿ ಕೈಬಿಡಬಾರದು. 2008ರಲ್ಲಿ ಶುರುವಾದ ಟಿನ್‌ಐ ಅದೇ ಚಿತ್ರದ ಪ್ರತಿಗಳನ್ನು ಹುಡುಕುತ್ತದೆ, ಹೋಲುವಂಥವನ್ನಲ್ಲ. ಗೂಗಲ್ ಲೆನ್ಸ್ ಚಿತ್ರದಲ್ಲಿ ಏನಿದೆ ಎಂದು ನೋಡಿ ಹೋಲುವುದನ್ನೆಲ್ಲ ತಂದು ಸುರಿಯುತ್ತದೆ, ಹಾಗಾಗಿ ಹಕ್ಕಿಯ ಚಿತ್ರ ಕೊಟ್ಟರೆ ನೂರು ಹಕ್ಕಿ ಬರುತ್ತವೆ. ಪೂರ್ವ ಯುರೋಪಿನ ಕಲಾವಿದರ ವಿಷಯದಲ್ಲಿ ರಷ್ಯಾದ ಹುಡುಕುತಾಣ ಯಾಂಡೆಕ್ಸ್ ಅನೇಕ ಸಲ ಇವೆರಡಕ್ಕಿಂತ ಬೇಗ ಗುರಿ ಮುಟ್ಟುತ್ತದೆ. ಟಿನ್‌ಐನಲ್ಲಿ ಫಲಿತಾಂಶಗಳನ್ನು ‘ಅತಿ ಹಳೆಯದು’, ‘ಅತಿ ದೊಡ್ಡದು’ ಎಂದು ಜೋಡಿಸಿಕೊಳ್ಳಬಹುದು. ಎರಡರಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ‘ಅತಿ ದೊಡ್ಡದು’. ಮೂಲಕ್ಕೆ ಹತ್ತಿರವಾದಷ್ಟೂ ಚಿತ್ರ ದೊಡ್ಡದಾಗಿರುತ್ತದೆ, ಕೆಳಗಿನ ಮೂಲೆಯ ಸಹಿ ಕತ್ತರಿಗೆ ಸಿಗದೆ ಉಳಿದಿರುತ್ತದೆ. ‘ಅತಿ ಹಳೆಯದು’ ಎಂದು ಅಲ್ಲಿ ಕಾಣುವ ದಿನಾಂಕ ಟಿನ್‌ಐ ಆ ಚಿತ್ರವನ್ನು ಮೊದಲು ಕಂಡ ದಿನವೇ ಹೊರತು ಚಿತ್ರ ಪ್ರಕಟವಾದ ದಿನವಲ್ಲ. ಇದನ್ನು ತಪ್ಪಾಗಿ ತಿಳಿದು ಯಾವುದೋ ವಾಲ್‌ಪೇಪರ್ ತಾಣವನ್ನೇ ಮೂಲವೆಂದು ಬರೆದವರಿದ್ದಾರೆ. ಪಿಂಟರೆಸ್ಟ್‌ನಲ್ಲಿ ಸಿಕ್ಕರೆ ಅಲ್ಲೇ ನಿಲ್ಲಬೇಡಿ, ಅದರ ಹಿಂದಿನ ಕೊಂಡಿಯನ್ನು ಒತ್ತಿ. ಕೊಂಡಿ ಸತ್ತಿದ್ದರೆ ಆ ವಿಳಾಸವನ್ನು ಇಂಟರ್‌ನೆಟ್ ಆರ್ಕೈವ್‌ನವರ ವೇಬ್ಯಾಕ್ ಮಷಿನ್‌ಗೆ ಕೊಟ್ಟು ಹಳೆಯ ಪುಟ ಉಳಿದಿದೆಯೇ ನೋಡಿ.

ಹೆಸರು ಸಿಕ್ಕಮೇಲೂ ಒಂದು ಹೆಜ್ಜೆ ಬಾಕಿ ಇರುತ್ತದೆ: ಕಲಾವಿದರ ಸ್ವಂತ ತಾಣದಲ್ಲೋ, ಅವರ ಗ್ಯಾಲರಿ, ಪ್ರಕಾಶಕರು ಅಥವಾ ಮ್ಯೂಸಿಯಂ ಪುಟದಲ್ಲೋ ಅದೇ ಚಿತ್ರವನ್ನು ಕಣ್ಣಾರೆ ಕಾಣಬೇಕು. ಕನಸಿನಂಥ ಅತಿವಾಸ್ತವ (ಸರ್ರಿಯಲ್) ಚಿತ್ರಗಳಲ್ಲಂತೂ ಈ ಹೆಜ್ಜೆ ತಪ್ಪಿಸುವಂತೆಯೇ ಇಲ್ಲ. ಪೋಲೆಂಡಿನ ಜ್ಡಿಸ್ವಾಫ್ ಬೆಕ್ಶಿನ್ಸ್ಕಿ (1929–2005) ಅವರನ್ನೇ ನೋಡಿ. ಎಲುಬಿನಂತೆ ಎದ್ದ ಕಟ್ಟಡಗಳು, ಇಟ್ಟಿಗೆಗೆಂಪು ಆಕಾಶ, ಒಬ್ಬರನ್ನೊಬ್ಬರು ತಬ್ಬಿ ಒಣಗಿದಂತಿರುವ ದೇಹಗಳು ಅವರ ಚಿತ್ರಗಳಲ್ಲಿವೆ. ಹಾರ್ಡ್‌ಬೋರ್ಡ್ ಹಲಗೆಯ ಮೇಲೆ ತೈಲವರ್ಣದಲ್ಲಿ ಬರೆಯುತ್ತಿದ್ದರು. ಅನೇಕ ಚಿತ್ರಗಳಲ್ಲಿ ಸಹಿ ಇರುವುದು ಹಲಗೆಯ ಬೆನ್ನಿಗೆ, ಆದ್ದರಿಂದ ಫೋಟೊದಲ್ಲಿ ಸಹಿ ಹುಡುಕಿ ಪ್ರಯೋಜನವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅವರು ತಮ್ಮ ಚಿತ್ರಗಳಿಗೆ ಶೀರ್ಷಿಕೆಯನ್ನೇ ಇಡುತ್ತಿರಲಿಲ್ಲ. ಅರ್ಥ ಹೇಳಿ ನೋಡುಗರ ಕೈ ಕಟ್ಟಲು ಅವರಿಗೆ ಮನಸ್ಸಿರಲಿಲ್ಲ. ಹೀಗಿರುವಾಗ ಅವರ ಚಿತ್ರದ ಕೆಳಗೆ ‘ನರಕದ ದ್ವಾರ’ ಎಂದೋ ‘ಕೊನೆಯ ಪಯಣ’ ಎಂದೋ ಕಂಡರೆ ಅದು ನಡುವೆ ಯಾರೋ ಸೇರಿಸಿದ್ದು ಎಂದು ಕೂಡಲೇ ಗೊತ್ತಾಗಬೇಕು. ಅವರ ಕೃತಿಗಳ ದೊಡ್ಡ ಸಂಗ್ರಹ ಇರುವುದು ಅವರ ಹುಟ್ಟೂರು ಸಾನೋಕ್‌ನ ಮ್ಯೂಸಿಯಂನಲ್ಲಿ. ತಾಳೆ ನೋಡಲು ಮೊದಲು ಅಲ್ಲಿಗೆ ಹೋಗಬೇಕು.

ಕೆನಡಾದ ರಾಬ್ ಗೊನ್ಸಾಲ್ವಿಸ್ (1959–2017) ಅವರ ಚಿತ್ರಗಳಿಗೆ ಇನ್ನೊಂದು ಬಗೆಯ ಅನ್ಯಾಯವಾಗುತ್ತಿದೆ. ಒಂದು ದೃಶ್ಯ ನೋಡನೋಡುತ್ತ ಇನ್ನೊಂದಾಗುವ ಅವರ ಕೃತಿಗಳು ಡಚ್ ಕಲಾವಿದ ಎಂ.ಸಿ. ಎಷರ್ ಹೆಸರಿನಲ್ಲಿ ಓಡಾಡುತ್ತವೆ. ಎಷರ್ ಹೆಚ್ಚಾಗಿ ಮಾಡಿದ್ದು ಮರದಚ್ಚು, ಕಲ್ಲಚ್ಚುಗಳಂಥ ಮುದ್ರಣ ಕೃತಿಗಳನ್ನು. ಗೊನ್ಸಾಲ್ವಿಸ್ ಬಣ್ಣ ತುಂಬಿದ ವರ್ಣಚಿತ್ರಗಳನ್ನು. ಯಾವ ಮಾಧ್ಯಮದಲ್ಲಿ ಮಾಡಿದ್ದು ಎಂದು ಕೇಳಿಕೊಂಡರೆ ಸಾಕು, ಗೊಂದಲ ಬಗೆಹರಿಯುತ್ತದೆ. ನೀರಿನ ಮೇಲೆ ತೇಲುವ ಮರದ ಕಪ್ಪು-ಬಿಳುಪು ಫೋಟೊ ಕಂಡರೆ ‘ಫೋಟೊಶಾಪ್’ ಎನ್ನುವವರೇ ಹೆಚ್ಚು. ಅಮೆರಿಕದ ಛಾಯಾಗ್ರಾಹಕ ಜೆರಿ ಯುಲ್ಸ್‌ಮನ್ ಅದನ್ನು ಮಾಡಿದ್ದು 1969ರಲ್ಲಿ, ಡಾರ್ಕ್‌ರೂಮಿನಲ್ಲಿ, ನೆಗೆಟಿವ್‌ನ ಬಿಂಬವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಹಲವು ಎನ್‌ಲಾರ್ಜರ್‌ಗಳಿಗೆ ಬೇರೆ ಬೇರೆ ನೆಗೆಟಿವ್ ಹಾಕಿ ಒಂದೇ ಕಾಗದವನ್ನು ಒಂದರಿಂದ ಒಂದಕ್ಕೆ ಸರಿಸುತ್ತ. ಫೋಟೊಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ.

ಈಗ ಇದಕ್ಕೆಲ್ಲ ಇನ್ನೊಂದು ತೊಡಕು ಸೇರಿದೆ. 2022ರಿಂದ ಈಚೆಗೆ ಕೃತಕ ಬುದ್ಧಿಮತ್ತೆಯಿಂದ ತಯಾರಾದ ಚಿತ್ರಗಳು ಹುಡುಕಾಟದ ಫಲಿತಾಂಶಗಳಲ್ಲಿ ತುಂಬಿಕೊಂಡಿವೆ. ‘ಬೆಕ್ಶಿನ್ಸ್ಕಿ’ ಎಂದು ಹುಡುಕಿದರೆ ಅವರ ಶೈಲಿಯನ್ನು ಯಂತ್ರಕ್ಕೆ ಹೇಳಿ ಮಾಡಿಸಿದ ಚಿತ್ರಗಳೂ ಅವರದೇ ಹೆಸರಿನಲ್ಲಿ ಬರುತ್ತವೆ. ಚಿತ್ರದಲ್ಲಿನ ಕೈಬೆರಳುಗಳ ಲೆಕ್ಕ ತಪ್ಪಿದೆಯೇ ಎಂದು ನೋಡಿ ಯಂತ್ರದ ಚಿತ್ರವನ್ನು ಪತ್ತೆ ಹಚ್ಚುವ ಕಾಲ ಮುಗಿದಿದೆ. ಪತ್ತೆಗಾರ ತಂತ್ರಾಂಶಗಳು ಕೈಯಲ್ಲಿ ಬರೆದದ್ದನ್ನೂ ಕೆಲವೊಮ್ಮೆ ಯಂತ್ರದ್ದು ಎನ್ನುತ್ತವೆ. ನಂಬಬಹುದಾದದ್ದು ದಿನಾಂಕವನ್ನು. ಗೂಗಲ್‌ನಲ್ಲಿ ಹುಡುಕುವ ಪದದ ಮುಂದೆ ‘ಬಿಫೋರ್’ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಡದೆ ಕೋಲನ್ ಹಾಕಿ 2022 ಎಂದು ಸೇರಿಸಿದರೆ ಹಳೆಯ ಪುಟಗಳು ಮೇಲೆ ಬರುತ್ತವೆ. ಪುಟದ ದಿನಾಂಕವನ್ನು ಗೂಗಲ್ ಕೆಲವೊಮ್ಮೆ ತಪ್ಪಾಗಿ ಊಹಿಸುತ್ತದೆ, ಆದರೂ ಜೊಳ್ಳು ಬಹುಪಾಲು ಹಾರಿಹೋಗುತ್ತದೆ. ಇಂದು ಬದುಕಿ ಬರೆಯುತ್ತಿರುವವರ ವಿಷಯದಲ್ಲಿ ಕರಡುಗಳನ್ನು ನೋಡಿ. ಪೆನ್ಸಿಲ್ ಗೀಚು, ಅರ್ಧ ಬಣ್ಣ ತುಂಬಿದ ಹಂತ, ಅದೇ ಪಾತ್ರ ಬೇರೆ ಭಂಗಿಯಲ್ಲಿ, ಮೂರು ವರ್ಷದ ಹಿಂದಿನ ಸ್ವಲ್ಪ ಒರಟಾದ ಕೆಲಸ, ಇವೆಲ್ಲ ಮನುಷ್ಯರ ಪುಟದಲ್ಲಿ ಸಿಗುತ್ತವೆ. ಆರು ತಿಂಗಳ ಹಿಂದೆ ಹುಟ್ಟಿದ ಪುಟದಲ್ಲಿ ದಿನಕ್ಕೆ ಐದರಂತೆ ನುಣುಪಾದ ಚಿತ್ರಗಳಷ್ಟೇ ಇದ್ದರೆ ಅನುಮಾನಿಸಲೇಬೇಕು.

ಗೋಡೆ ಚಿತ್ರಗಳಿಗೆ ಬೇಕಾದ ವಿವರಗಳು ನಾಲ್ಕು: ಬರೆದವರು, ಊರು ಮತ್ತು ಬೀದಿ, ವರ್ಷ, ಫೋಟೊ ತೆಗೆದವರು. ಕೊನೆಯ ಹೆಸರನ್ನು ಎಲ್ಲರೂ ಮರೆಯುತ್ತಾರೆ. ಗೋಡೆ ಅಳಿದ ಮೇಲೆ ಉಳಿಯುವುದು ಆ ಫೋಟೊ ಒಂದೇ. ಇಟಲಿಯ ಬ್ಲೂ ಎಂಬ ಕಲಾವಿದ ಬೊಲೊನ್ಯಾ ನಗರದ ಗೋಡೆಗಳ ಮೇಲೆ ಇಪ್ಪತ್ತು ವರ್ಷ ಬರೆದ ಚಿತ್ರಗಳಿಗೆ 2016ರ ಮಾರ್ಚ್‌ನಲ್ಲಿ ತಾನೇ ಬೂದು ಬಣ್ಣ ಬಳಿದು ಅಳಿಸಿದ. ಬೀದಿ ಚಿತ್ರಗಳನ್ನು ಗೋಡೆಯಿಂದ ಕಿತ್ತು ಪ್ರದರ್ಶನಕ್ಕೆ ಇಟ್ಟವರ ವಿರುದ್ಧ ಅದು ಅವನ ಪ್ರತಿಭಟನೆ. ಆ ಚಿತ್ರಗಳ ಫೋಟೊಗಳು ‘ಬೊಲೊನ್ಯಾದಲ್ಲಿ ನೋಡಲೇಬೇಕಾದ ಗೋಡೆಗಳು’ ಎಂಬ ಪಟ್ಟಿಗಳಲ್ಲಿ ಇಂದಿಗೂ ಸುತ್ತುತ್ತಿದ್ದರೆ ಆಶ್ಚರ್ಯವಿಲ್ಲ. ಗೋಡೆ ಈಗ ಹೇಗಿದೆ, ಯಾವಾಗ ಬರೆದದ್ದು ಎಂದು ತಿಳಿಯಲು ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ಒಳ್ಳೆಯ ಸೌಲಭ್ಯವಿದೆ. 2014ರಿಂದ ಅಲ್ಲಿ ಒಂದೇ ಜಾಗದ ಹಳೆಯ ದೃಶ್ಯಗಳನ್ನು ತಿಂಗಳು, ವರ್ಷ ಸಮೇತ ನೋಡಬಹುದು. ಒಂದು ಸುತ್ತಿನಲ್ಲಿ ಬರೀ ಇಟ್ಟಿಗೆ, ಮುಂದಿನ ಸುತ್ತಿನಲ್ಲಿ ಚಿತ್ರ ಕಂಡರೆ ಬರೆದ ಕಾಲ ಅವೆರಡರ ನಡುವೆ ಸಿಕ್ಕಿಬಿತ್ತು.

ಆಕಾರ ಕತ್ತರಿಸಿದ ಹಾಳೆಯ ಮೇಲೆ ಬಣ್ಣ ಸಿಂಪಡಿಸುವ ಸ್ಟೆನ್ಸಿಲ್‌ನಲ್ಲಿ ಮಾಡಿದ್ದೆಲ್ಲ ಬ್ರಿಟನ್ನಿನ ಬೀದಿ ಕಲಾವಿದ ಬ್ಯಾಂಕ್ಸಿಯದಲ್ಲ. ಪ್ಯಾರಿಸ್‌ನಲ್ಲಿ ಬ್ಲೆಕ್ ಲ ರಾಟ್ 1981ರಲ್ಲೇ ಸ್ಟೆನ್ಸಿಲ್ ಇಲಿಗಳನ್ನು ಗೋಡೆಗೆ ಹತ್ತಿಸಿದ್ದರು. ಬ್ಯಾಂಕ್ಸಿ ತನ್ನ ಕೆಲಸವನ್ನು ಸ್ವಂತ ತಾಣದಲ್ಲಿ ಅಥವಾ ಇನ್‌ಸ್ಟಾಗ್ರಾಮ್ ಪುಟದಲ್ಲಿ ಹಾಕಿ ಒಪ್ಪಿಕೊಳ್ಳುವುದು ರೂಢಿ. ಅಲ್ಲಿ ಕಾಣದ ಹೊಸ ಚಿತ್ರವನ್ನು ಅವನದೆಂದು ಬರೆಯಲು ಅವಸರಪಡಬಾರದು. ಬಿಡಿ ಬಿಡಿಯಾಗಿ ಹುಡುಕುವುದಕ್ಕಿಂತ ಗೋಡೆ ಚಿತ್ರೋತ್ಸವಗಳ ತಾಣಗಳನ್ನು ತಿರುವಿ ಹಾಕುವುದು ಹೆಚ್ಚು ಲಾಭ. ನಾರ್ವೆಯ ಸ್ಟಾವಂಗರ್‌ನಲ್ಲಿ 2001ರಲ್ಲಿ ಶುರುವಾದ ನುವಾರ್ಟ್ ಉತ್ಸವದಂಥವು ವರ್ಷವಾರು ಕಲಾವಿದರ ಹೆಸರು ಕೊಡುತ್ತವೆ. ಒಂದು ವರ್ಷದ ಪಟ್ಟಿ ಹಿಡಿದು ಒಬ್ಬೊಬ್ಬರ ಪುಟಕ್ಕೂ ಹೋಗಿ ಬಂದರೆ ಒಂದು ಸಂಜೆಗೆ ಹತ್ತು ಹೊಸಬರು ಪರಿಚಯವಾಗುತ್ತಾರೆ. ಅಡ್ಡ ಕತ್ತರಿಸಿದ ಫೋಟೊ ನೋಡಿ ತೀರ್ಮಾನಕ್ಕೆ ಬರಬಾರದು ಎಂಬುದಕ್ಕೆ ಎಲ್ ಸೀಡ್ ಎಂಬ ಕಲಾವಿದ 2016ರಲ್ಲಿ ಕೈರೊದ ಮನ್‌ಶಿಯತ್ ನಾಸಿರ್‌ನಲ್ಲಿ ಮಾಡಿದ ಕೆಲಸ ಸಾಕ್ಷಿ. ಸುಮಾರು 50 ಕಟ್ಟಡಗಳ ಮೇಲೆ ಹರಡಿದ ಅರಬ್ಬಿ ಬರಹವದು. ಬೀದಿಯಲ್ಲಿ ನಿಂತವರಿಗೆ ಬಣ್ಣದ ಪಟ್ಟಿ ಮಾತ್ರ ಕಾಣುತ್ತದೆ, ಮೊಕತ್ತಮ್ ಗುಡ್ಡದ ಒಂದು ನಿಲುವಿನಿಂದ ನೋಡಿದಾಗಲೇ ಇಡೀ ವೃತ್ತ ಕೂಡಿಕೊಳ್ಳುವುದು.

ಪುಸ್ತಕ, ಪತ್ರಿಕೆಗಳಿಗೆ ಬರೆಯುವ ಚಿತ್ರಗಾರರನ್ನು ಹುಡುಕುವುದು ಇದಕ್ಕಿಂತ ಸುಲಭ, ಏಕೆಂದರೆ ಅವರ ಹೆಸರು ಎಲ್ಲೋ ಒಂದು ಕಡೆ ಅಚ್ಚಾಗಿಯೇ ಇರುತ್ತದೆ. ಬೊಲೊನ್ಯಾ ಮಕ್ಕಳ ಪುಸ್ತಕ ಮೇಳದಲ್ಲಿ 1967ರಿಂದ ಚಿತ್ರಗಾರರ ಪ್ರದರ್ಶನ ನಡೆಯುತ್ತಿದೆ. ಹ್ಯಾನ್ಸ್ ಕ್ರಿಶ್ಚಿಯನ್ ಆ್ಯಂಡರ್ಸನ್ ಪ್ರಶಸ್ತಿ 1966ರಿಂದ ಚಿತ್ರಗಾರರಿಗೂ ಸಲ್ಲುತ್ತಿದೆ. ಬ್ರೆಜಿಲಿನ ರೋಜರ್ ಮೆಲ್ಲೊ (2014), ಕೊರಿಯಾದ ಸೂಜಿ ಲೀ (2022), ಕೆನಡಾದ ಸಿಡ್ನಿ ಸ್ಮಿತ್ (2024) ಇವರನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಗೆರೆಯ ದಪ್ಪ, ಖಾಲಿ ಬಿಟ್ಟ ಜಾಗ, ಬೆಳಕು ಎಲ್ಲವೂ ಬೇರೆ ಬೇರೆ. ಗೆದ್ದವರಿಗಿಂತ ಆಯಾ ವರ್ಷದ ಅಂತಿಮ ಪಟ್ಟಿಯಲ್ಲಿದ್ದವರನ್ನು ನೋಡುವುದು ಇನ್ನೂ ಒಳ್ಳೆಯದು, ಪ್ರಚಾರ ಸಿಗದ ದೇಶಗಳ ಹೆಸರುಗಳು ಅಲ್ಲಿರುತ್ತವೆ. ಹುಡುಕುವಾಗ ಹೆಸರನ್ನು ಅವರ ಸ್ವಂತ ಲಿಪಿಯಲ್ಲೇ ಹಾಕಿ. ವಿಕಿಪೀಡಿಯದ ಪುಟದಲ್ಲಿ ಭಾಷೆ ಬದಲಿಸಿದರೆ ಕೊರಿಯನ್, ಜಪಾನಿ, ಪರ್ಷಿಯನ್ ಲಿಪಿಯ ಹೆಸರು ಸಿಗುತ್ತದೆ, ಅದನ್ನು ನಕಲಿಸಿ ಹಾಕಿದರೆ ಇಂಗ್ಲಿಷಿನಲ್ಲಿ ಕಾಣದ ಸಂದರ್ಶನಗಳು, ಕರಡುಗಳು ತೆರೆದುಕೊಳ್ಳುತ್ತವೆ.

ಸಿಕ್ಕವರನ್ನು ಕಳೆದುಕೊಳ್ಳದಿರಲು ಸ್ಕ್ರೀನ್‌ಶಾಟ್ ಸಾಲದು. ಹೆಸರು, ಸ್ವಂತ ಲಿಪಿಯಲ್ಲಿ ಹೆಸರು, ದೇಶ, ಮಾಧ್ಯಮ, ಸ್ವಂತ ತಾಣದ ವಿಳಾಸ, ಮೊದಲು ಕಂಡ ಪುಟದ ಕೊಂಡಿ ಎಂದು ಆರು ಕಾಲಮ್ಮಿನ ಒಂದು ಪಟ್ಟಿ ಮಾಡಿ, ಆ ಪುಟವನ್ನು ವೇಬ್ಯಾಕ್ ಮಷಿನ್‌ನಲ್ಲೂ ಉಳಿಸಿಡಿ. ಇನ್‌ಸ್ಟಾಗ್ರಾಮ್‌ನಲ್ಲಿ 2022ರ ಮಾರ್ಚ್‌ನಿಂದ ‘ಫಾಲೋಯಿಂಗ್’ ಎಂಬ ನೋಟವಿದೆ. ಅದನ್ನು ಆರಿಸಿಕೊಂಡರೆ ನೀವು ಹಿಂಬಾಲಿಸುವವರ ಚಿತ್ರಗಳಷ್ಟೇ, ಹೊಸದು ಮೊದಲು ಎಂಬ ಕ್ರಮದಲ್ಲಿ ಬರುತ್ತವೆ.

ಇನ್ನು ಪತ್ರಿಕೆಗೆ ನಮ್ಮ ಕೋರಿಕೆ. ಚಿತ್ರದ ಕೆಳಗೆ ‘ಚಿತ್ರ: ಹೆಸರು, ಮಾಧ್ಯಮ, ವರ್ಷ’ ಎಂದು, ಗೋಡೆಯಾದರೆ ‘ಗೋಡೆ ಚಿತ್ರ: ಹೆಸರು, ಊರು, ವರ್ಷ, ಫೋಟೊ: ಹೆಸರು’ ಎಂದು ಒಂದು ಸಾಲು ಹಾಕಿ. ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಂತಾಗದು, ಬರೆದು ಕೇಳಬೇಕು. ಕೇಳುವುದರಿಂದ ಮುದ್ರಣಕ್ಕೂ ಲಾಭವಿದೆ. ಇನ್‌ಸ್ಟಾಗ್ರಾಮ್‌ನಿಂದ ಇಳಿಸಿಕೊಂಡ ಚಿತ್ರದ ಅಗಲ ಸಾಮಾನ್ಯವಾಗಿ 1080 ಪಿಕ್ಸೆಲ್. ಇಂಚಿಗೆ 200 ಪಿಕ್ಸೆಲ್‌ನಂತೆ ಅದು ಐದೂವರೆ ಇಂಚಿಗೂ ಸಾಲದು, ಅರ್ಧ ಪುಟಕ್ಕೆ ಎಳೆದಾಗ ಸಣ್ಣ ಗೆರೆಗಳೆಲ್ಲ ಮಸುಕಾಗುತ್ತವೆ. ಒಪ್ಪಿದ ಕಲಾವಿದರು ದೊಡ್ಡ ಕಡತವನ್ನೇ ಕಳಿಸಿಕೊಡಬಲ್ಲರು. ಉತ್ತರ ಬರದಿದ್ದರೆ ಆ ಚಿತ್ರವನ್ನು ಬಿಟ್ಟು ಪತ್ರಿಕೆಯ ಕಲಾವಿದರಿಂದ ಹೊಸದೊಂದನ್ನು ಬರೆಸಿ. ಹಿಂದೆ ‘ಅಂತರ್ಜಾಲ’ ಎಂದು ಅಚ್ಚಾದ ಚಿತ್ರಗಳ ಹೆಸರನ್ನು ಓದುಗರು ಪತ್ತೆ ಮಾಡಿ ಕಳಿಸಿದರೆ ಅದನ್ನು ಹಾಕಲು ಪುರವಣಿಯ ಕೊನೆಯ ಪುಟದಲ್ಲಿ ವಾರಕ್ಕೆ ನಾಲ್ಕು ಸಾಲಿನ ಜಾಗ ಕೊಡಿ.

ಇಂತಿ,
ಚಿತ್ರಕಲಾಸಕ್ತ ಓದುಗರು