ಚಂದ್ರ ಎಲ್ಲಿಗೆ ಹೋದ

ಮಗಾ,

ನೀನು ಹೋಗಿ ಇವತ್ತಿಗೆ ಒಂಬತ್ತು ದಿನ. ಫೋನ್ ಮಾಡಿದರೆ ನಾನು ಮತ್ತೆ ಜೋರು ಮಾಡುತ್ತೇನೆ, ನೀನು ಸುಮ್ಮನಾಗುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ವರ್ಷತೊಡಕಿನ ರಾತ್ರಿ ಯಾರು ಯಾರಿಗೆ ಏನಂದರು ಅನ್ನೋದು ಇಬ್ಬರಿಗೂ ನೆನಪಿದೆ, ಬಿಡು. ಒಂದು ಮಾತು ಮಾತ್ರ. "ಹಾಲಿನ ದುಡ್ಡಲ್ಲೇ ನೀನು ಓದಿದ್ದು" ಅಂದೆನಲ್ಲ, ಅದು ಸುಳ್ಳಲ್ಲ. ಆದರೆ ನೀನು ಕೇಳಿದ್ದಕ್ಕೆ ಅದು ಉತ್ತರ ಆಗಿರಲಿಲ್ಲ. ನೀನು ಕೇಳಿದ್ದು, ಚಂದ್ರ ಎಲ್ಲಿಗೆ ಹೋದ ಅಂತ.

ಹದಿನೇಳು ವರ್ಷ ಆದ ಮೇಲೆ ಕೇಳಿದೆ.

ಗೌರಿ ಮೂರನೇ ಸೂಲು ಕರು ಹಾಕಿದ ರಾತ್ರಿ ಮಳೆ. ಕರೆಂಟ್ ಇರಲಿಲ್ಲ. ನೀನು ಬ್ಯಾಟರಿ ಹಿಡಿದು ಕೊಟ್ಟಿಗೆ ಬಾಗಿಲಲ್ಲಿ ನಿಂತಿದ್ದೆ. ಕರು ಬಿದ್ದ ತಕ್ಷಣ ನಿಮ್ಮಪ್ಪ ಬಾಲ ಎತ್ತಿ ನೋಡಿ "ಗಂಡು" ಅಂದರು. ಅಷ್ಟಕ್ಕೇ ಎಲ್ಲ ತೀರ್ಮಾನ ಆಗಿಹೋಗಿತ್ತು. ನಿನಗೆ ಗೊತ್ತಾಗಲಿಲ್ಲ, ನನಗೆ ಗೊತ್ತಿತ್ತು. ಹಣೆ ಮೇಲೆ ಬಿಳಿ ಮಚ್ಚೆ ಇದೆ ಅಂತ ನೀನು ಚಂದ್ರ ಅಂತ ಹೆಸರಿಟ್ಟೆ. ಹೆಸರಿಡಬೇಡ ಅನ್ನಬೇಕಿತ್ತು. ಬಾಯಿ ಬರಲಿಲ್ಲ.

ನಾಟಿ ಹಸುವಿನ ಕರು ಆಗಿದ್ದರೆ ಬೇರೆ ಮಾತು. ನಿಮ್ಮ ತಾತನ ಕಾಲದಲ್ಲಿ ಹಳ್ಳಿಕಾರ್ ಹೋರಿಗರು ಹುಟ್ಟಿದರೆ ಮನೆಗೆ ಖುಷಿ. ಜೋಡಿ ಮಾಡಿ ಉಳುಮೆಗೆ ಕಟ್ಟುತ್ತಿದ್ದರು. ಸೀಮೆ ಹೋರಿಗೆ ಹಿಣಿಲು ಇಲ್ಲ, ಬಿಸಿಲು ತಡೆಯಲ್ಲ. ಅಷ್ಟೊತ್ತಿಗೆ ಊರಿಗೆ ಟ್ರ್ಯಾಕ್ಟರೂ ಬಂದಿತ್ತು. ಕರು ದಿನಕ್ಕೆ ಎರಡು ಲೀಟರ್ ಕುಡಿದರೆ ಡೈರಿ ಪುಸ್ತಕದಲ್ಲಿ ಎರಡು ಲೀಟರ್ ಕಡಿಮೆ. ಇದು ಸಬೂಬು ಅಲ್ಲ. ನಾವು ಹೇಗೆ ಯೋಚನೆ ಮಾಡುತ್ತಿದ್ದೆವು ಅಂತ ಹೇಳುತ್ತಿದ್ದೇನೆ.

ಇಪ್ಪತ್ತೆರಡನೇ ದಿನ ಲಗೇಜ್ ಆಟೋ ಬಂತು. ನೀನು ಸ್ಕೂಲಲ್ಲಿದ್ದೆ. ನಿಮ್ಮಪ್ಪನೇ ಕೊಟ್ಟು ಕಳಿಸಿದರು ಅಂತ ನೀನು ಇಷ್ಟು ವರ್ಷ ಅಂದುಕೊಂಡಿರಬಹುದು. ಅಲ್ಲ ಮಗಾ. ಅವರು ನೋಡೋಕಾಗಲ್ಲ ಅಂತ ತೋಟದ ಕಡೆ ಹೋದರು. ಹಗ್ಗ ಬಿಚ್ಚಿ ಕೊಟ್ಟವಳು ನಾನು. ಅದು ನನ್ನ ಬೆರಳು ಚೀಪುತ್ತಿತ್ತು. ಹಸಿದಿತ್ತು. ಹೇಗೂ ಹೋಗೋದಲ್ವಾ ಅಂತ ಬೆಳಿಗ್ಗೆ ನಾನು ಅದನ್ನು ತಾಯಿ ಹತ್ತಿರ ಬಿಟ್ಟಿರಲಿಲ್ಲ. ಆ ಹಾಲೂ ಕ್ಯಾನಿಗೆ ಸೇರಿತ್ತು. ಇದನ್ನು ನಿಮ್ಮಪ್ಪನಿಗೂ ಹೇಳಿಲ್ಲ.

ಗೌರಿ ಮೂರು ರಾತ್ರಿ ಕೂಗಿದಳು. ಬೂಸಾ ಮುಂದಿಟ್ಟರೂ, ಬಿಸಿನೀರಲ್ಲಿ ಕೆಚ್ಚಲು ತೊಳೆದರೂ ಹಾಲು ಇಳಿಸಲಿಲ್ಲ. ಕರು ಎಲ್ಲಿ ಅಂತ ನೀನು ಕೇಳಿದಾಗ, ಅಜ್ಜಿ ಮನೆಗೆ ಕಳಿಸಿದ್ದೇವೆ, ಅಲ್ಲಿ ಹುಲ್ಲು ಜಾಸ್ತಿ ಅಂದೆ. ಆಮೇಲೆ ದಸರಾ ರಜೆ ಬಂತು. ಅಜ್ಜಿ ಮನೆ ಮುಂದೆ ಬಸ್ ಇಳಿದವಳು ಚಪ್ಪಲಿ ಬಿಡದೆ ನೇರ ಕೊಟ್ಟಿಗೆಗೆ ಓಡಿದೆ. ನಾನು ಜಗಲಿಯಲ್ಲೇ ನಿಂತೆ. ನೀನು ಈಗ ಬಂದು ಕೇಳುತ್ತೀಯ, ಏನು ಹೇಳಲಿ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ನೀನು ಹೊರಗೆ ಬಂದೆ. ಕಾಲು ತೊಳೆದೆ. ಊಟಕ್ಕೆ ಕೂತೆ. ಏನೂ ಕೇಳಲಿಲ್ಲ. ಎಂಟು ವರ್ಷದ ಮಗು ಏನೂ ಕೇಳದೆ ಮುದ್ದೆ ಮುರಿಯೋದನ್ನು ನೋಡುತ್ತಾ ಕೂತಿದ್ದೆನಲ್ಲ, ಅದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

2018ರಲ್ಲಿ ಶ್ರವಣಬೆಳಗೊಳಕ್ಕೆ ಮಹಾಮಸ್ತಕಾಭಿಷೇಕಕ್ಕೆ ಹೋಗಿದ್ದೆವಲ್ಲ. 58 ಅಡಿ ಬಾಹುಬಲಿಯ ಮೇಲೆ ಹಾಲು ಇಳಿಯುವಾಗ ನಾನು ಕೈ ಮುಗಿದು ನಿಂತಿದ್ದೆ. ನೀನು ಕಿವಿಯಲ್ಲಿ, "ಈ ಹಾಲಿನ ಕರುಗಳೆಲ್ಲ ಎಲ್ಲಿವೆ ಅವ್ವ" ಅಂದೆ. ಸುಮ್ನಿರು, ದೇವರ ಮುಂದೆ ಹಾಗನ್ನಬಾರದು ಅಂದೆ. ಅದೂ ಚಂದ್ರನ ಪ್ರಶ್ನೆಯೇ ಅಂತ ನನಗೆ ಗೊತ್ತಿತ್ತು.

ನೀನು ಮಾಂಸ ಬಿಟ್ಟಾಗ ನನಗೆ ಅಷ್ಟೇನೂ ಅನ್ನಿಸಲಿಲ್ಲ. ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಹಾಲು, ಮೊಸರು, ತುಪ್ಪ, ಹಬ್ಬಕ್ಕೆ ಎತ್ತಿಟ್ಟಿದ್ದ ಗಿಣ್ಣು ಎಲ್ಲ ದೂರ ತಳ್ಳಿದಾಗ ಮಾತ್ರ ನನ್ನ ಕೈಯನ್ನೇ ತಳ್ಳಿದ ಹಾಗಾಯಿತು. ಈ ಕೈ ಬೆಳಗಿನ ಜಾವ ಐದಕ್ಕೆ ಎದ್ದು ಹಾಲು ಕರೆದಿದೆ ಮಗಾ. ಆಲೂಗಡ್ಡೆಗೆ ಅಂಗಮಾರಿ ಬಂದ ವರ್ಷ, ತೆಂಗಿಗೆ ನುಸಿ ಬಿದ್ದ ವರ್ಷ, ಮನೆ ನಡೆಸಿದ್ದು ಹಸು. ಡೈರಿ ಪುಸ್ತಕ ನನ್ನ ಹೆಸರಲ್ಲಿತ್ತು, ಬಟವಾಡೆ ನನ್ನ ಕೈಗೆ ಬರುತ್ತಿತ್ತು. ಹಾಸನದ ಹಳ್ಳಿಗಳಲ್ಲಿ ಎಷ್ಟು ಹೆಂಗಸರಿಗೆ ಸ್ವಂತ ಅಂತ ಇರೋ ದುಡ್ಡು ಅದೊಂದೇ. ನಿನ್ನ ಸ್ನೇಹಿತರಿಗೆ ಇದನ್ನೂ ಹೇಳು. ಕರು ಕೊಟ್ಟವರನ್ನೆಲ್ಲ ಕಟುಕರು ಅನ್ನಬೇಡ.

ಇನ್ನೊಂದು. ನಮ್ಮಲ್ಲಿ ಊಟ ಅಂದರೆ ಬರೀ ಊಟ ಅಲ್ಲ. ಬೆಂಗಳೂರಿಗೆ ಹೋದ ಹೊಸದರಲ್ಲಿ ಒಂದು ಕಡೆ ಮನೆ ಕೇಳೋಕೆ ಹೋದಾಗ, ನಾನ್‌ವೆಜ್ ತಿನ್ನೋರಿಗೆ ಕೊಡಲ್ಲ ಅಂದಿದ್ದರು. ಅವತ್ತು ರಾತ್ರಿ ನೀನು ಅತ್ತಿದ್ದೆ. ಅದನ್ನು ಮರೆಯಬೇಡ. ಪ್ರಾಣಿ ನೋವು ಬೇಡ ಅಂತ ಬಿಡೋದು ಬೇರೆ, ತಿನ್ನೋರು ಕೀಳು ಅಂತ ಬಿಡೋದು ಬೇರೆ. ನೀನು ಮೊದಲನೆಯದಕ್ಕೆ ಬಿಟ್ಟಿದ್ದೀಯ, ನನಗೆ ಗೊತ್ತು. ಆದರೆ ಅವತ್ತು ನಿಮ್ಮ ಚಿಕ್ಕಪ್ಪನ ತಟ್ಟೆ ನೋಡಿ ಮುಖ ತಿರುಗಿಸಿದೆಯಲ್ಲ, ಅವರಿಗೆ ಅದು ಎರಡನೆಯದರ ಹಾಗೆ ಕಂಡಿತು. ದೊಡ್ಡವರು ಅವರು. ಸಾಧ್ಯವಾದರೆ ಒಂದು ಫೋನ್ ಮಾಡು.

ಮತ್ತೆ ಉಪದೇಶ ಶುರುವಾಯಿತು. ಬೇಡ ಅಂದುಕೊಂಡೇ ಪೆನ್ನು ಹಿಡಿದಿದ್ದೆ. ಇದೊಂದನ್ನು ಮಾತ್ರ ಹೇಳಲೇಬೇಕು. ಕೈ ಜೋಮು ಹಿಡಿಯುತ್ತೆ ಅಂದಿದ್ದೆಯಲ್ಲ, ಅದು ತಲೆಯಲ್ಲಿ ಕೊರೆಯುತ್ತಿದೆ. ಇಲ್ಲಿ ಡಾಕ್ಟರನ್ನು ಕೇಳಿದೆ. ಬರೀ ಕಾಳು ಸೊಪ್ಪಿನ ಊಟದಲ್ಲಿ ಬಿ12 ಸಿಗಲ್ಲವಂತೆ, ಮಾತ್ರೆ ತಗೊಳ್ಳಲೇಬೇಕಂತೆ. ಕಡಿಮೆಯಾದರೆ ರಕ್ತಕ್ಕೂ ನರಕ್ಕೂ ತೊಂದರೆ. ಒಂದು ರಕ್ತ ಪರೀಕ್ಷೆ ಮಾಡಿಸು. ಸುಣ್ಣದಂಶಕ್ಕೆ ನನಗೆ ಚಿಂತೆ ಇಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆಯಂತೆ.

ನೀನು ಹೋದ ಮೇಲೆ ಕೂತು ಯೋಚನೆ ಮಾಡಿದೆ. ಮುದ್ದೆ, ಹುರುಳಿ ಕಟ್ಟಿನ ಸಾರು, ಉಪ್ಪುಸಾರು, ಮಸ್ಸೊಪ್ಪು, ಹಿತಕಿದ ಬೇಳೆ. ಇದರಲ್ಲಿ ಯಾವುದಕ್ಕೂ ಹಾಲು ಬೇಡ, ಮೊಟ್ಟೆ ಬೇಡ. ಅಜ್ಜಿ ವಾರದ ಮುಕ್ಕಾಲು ಪಾಲು ದಿನ ಉಣ್ಣುತ್ತಿದ್ದದ್ದು ಇದನ್ನೇ, ಜೊತೆಗೊಂದು ಲೋಟ ಮಜ್ಜಿಗೆ. ಕಾಫಿಗೆ ಹಾಲು ಹಾಕುವಷ್ಟು ಅನುಕೂಲ ಆಗೋಕೆ ಮುಂಚೆ ನಾವೆಲ್ಲ ಬೆಲ್ಲದ ಬರಗಾಪಿ ಕುಡಿದೇ ಬೆಳೆದವರು. ಹಾಗಿದ್ದಾಗ ನಿನಗೆ ಈ ಮನೆಯಲ್ಲಿ ಊಟ ಇಲ್ಲ ಅಂದೆನಲ್ಲ, ಅದು ತಪ್ಪು. ಊಟ ಇತ್ತು. ನಾನೇ ಬಡಿಸಲಿಲ್ಲ. ಹುಚ್ಚೆಳ್ಳು ಪುಡಿ ಮಾಡಿ ಡಬ್ಬಿಯಲ್ಲಿ ಹಾಕಿದ್ದೇನೆ, ಈ ಕಾಗದದ ಜೊತೆಗೇ ಬರುತ್ತದೆ.

ಹಸು ಮಾರು ಅಂತ ಮಾತ್ರ ಕೇಳಬೇಡ. ಆಗಲ್ಲ. ಗೋಹತ್ಯೆ ಕಾನೂನು 2021ರಿಂದ ಜಾರಿಯಲ್ಲಿದೆ, ಹಸು, ಹೋರಿ, ಕರು ಯಾವುದನ್ನೂ ಕಡಿಯುವ ಹಾಗಿಲ್ಲ. ಆದರೆ ಕೊಟ್ಟಿಗೆಯ ಲೆಕ್ಕ ಬದಲಾಗಲಿಲ್ಲ. ನಮ್ಮ ಕಡೆ ಗಂಡುಗರುಗಳನ್ನು ರಾತ್ರಿ ತಂದು ದೇವಸ್ಥಾನದ ಹತ್ತಿರ ಬಿಟ್ಟು ಹೋಗುತ್ತಾರೆ. ಬೆಳಿಗ್ಗೆ ಡೈರಿಗೆ ಹೋಗುವಾಗ ಅವು ಕ್ಯಾನಿನ ಹಿಂದೆಯೇ ಬರುತ್ತವೆ. ಹೆಣ್ಣುಗರು ಹುಟ್ಟುವ ಸೆಮೆನ್ ಬಂದಿದೆ, ನೂರಕ್ಕೆ ತೊಂಬತ್ತು ಹೆಣ್ಣೇ ಆಗುತ್ತೆ ಅಂತ ಪಶು ಡಾಕ್ಟರು ಹೇಳಿದರು. ಮುಂದಿನ ಸಲ ಅದನ್ನೇ ಹಾಕಿಸುತ್ತೇನೆ. ಆ ಹೆಣ್ಣಿಗೆ ವಯಸ್ಸಾದ ಮೇಲೆ ಏನು ಅಂತ ನೀನು ಕೇಳುತ್ತೀಯ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಗೌರಿಯ ಮೊಮ್ಮಗಳು ಈಗ ಏಳು ತಿಂಗಳ ಗಬ್ಬ. ಮುಂಗಾರಿನ ಹೊತ್ತಿಗೆ ಕರು ಹಾಕುತ್ತಾಳೆ. ಗಂಡಾದರೆ ಕೊನೆತನಕ ಸಾಕುತ್ತೇನೆ ಅಂತ ಮಾತು ಕೊಡಲಾರೆ, ಕೊಟ್ಟು ತಪ್ಪಲಾರೆ. ಹೊಟ್ಟೆ ತುಂಬ ಕುಡಿಸದೆ ಮಾತ್ರ ಹಗ್ಗ ಬಿಚ್ಚಲ್ಲ. ಆಮೇಲೆ ನೀನು ಫೋನ್ ಮಾಡು. ಎಲ್ಲಿಗೆ ಹೋಯಿತು ಅಂತ ಕೇಳು. ಈ ಸಲ ಅಜ್ಜಿ ಮನೆ ಅನ್ನಲ್ಲ.

ಅವ್ವ